ಒಂದು ಪೆಟ್ಟಿಗೆ ಶೋಲ್

ಈ ವಿಷಯವನ್ನು ಬರೆದುಬಿಡಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೇನೆ. ಅಂದುಕೊಂಡಾಗಲೆಲ್ಲ ಏನಾದರೊಂದು ಅಡಚಣೆ. ಒಮ್ಮೆ ಕನ್ನಡಕ ಸಿಗುವುದಿಲ್ಲ. ಕನ್ನಡಕ ಸಿಗುವ ಹೊತ್ತಿಗೆ ದುರ್ಗಾಪೂಜೆ ಬಂದಿರುತ್ತದೆ. ಪೂಜೆ ಮುಗಿಯುವಷ್ಟರಲ್ಲಿ ಚಳಿ ಬಂದು ಬೆರಳು ಸೆಟೆದುಕೊಂಡಿರುತ್ತವೆ. ಕೊಲ್ಕತ್ತೆಯ ಚಳಿಗೆ ಬೆರಳು ಸೆಟೆಯುತ್ತವೆಯೇ ಎಂದು ಕೇಳಬೇಡಿ. ಇಲ್ಲಿ ಫ್ಯಾನು ನಿಲ್ಲಿಸಿದ ಮರುದಿನವೇ ಜನ ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಳ್ಳುತ್ತಾರೆ, ಅವರಲ್ಲಿ ನಾನೂ ಒಬ್ಬ. ನಿಜ ಹೇಳಬೇಕೆಂದರೆ ನಾನೊಂದು ಸುಳ್ಳು ಹೇಳಿದ್ದೆ. ಸಣ್ಣದು, ಬಾಯಿಂದ ಜಾರಿದ್ದು. ಅದರಿಂದ ಇಬ್ಬರಿಗೆ ಅನ್ಯಾಯವಾಯಿತು. ಒಬ್ಬರಲ್ಲಿ ತಪ್ಪಾಯಿತೆಂದು ಕೇಳಿಕೊಂಡಿದ್ದೇನೆ. ಇನ್ನೊಬ್ಬರಲ್ಲಿ ಇನ್ನೂ ಕೇಳಿಕೊಂಡಿಲ್ಲ. ಕೇಳೋಣವೆಂದರೆ ಅವರು ಸದಾ ಎದುರಿಗೇ ಇರುತ್ತಾರೆ, ಅದೇ ತೊಂದರೆ.

ನಮ್ಮ ಮನೆ ಇರುವುದು ಜಾದವ್‌ಪುರದ ಒಂದು ಗಲ್ಲಿಯಲ್ಲಿ. ಮಹಡಿಯ ಮೇಲೆ ನಾವಿಬ್ಬರು, ಕೆಳಗೆ ಖೋಕನ್‌ದಾ. ಖೋಕನ್ ಎಂದರೆ ಬಂಗಾಳಿಯಲ್ಲಿ ಪಾಪು, ದಾ ಎಂದರೆ ಅಣ್ಣ. ಈ ಪಾಪುವಣ್ಣನಿಗೆ ಎಪ್ಪತ್ತು ದಾಟಿದೆ, ಮಂಡಿ ಚಿಪ್ಪು ಬದಲಾಯಿಸಿದ್ದಾರೆ, ಹಲ್ಲೂ ಸ್ವಂತದ್ದಲ್ಲ. ನನ್ನ ಗತಿಯೂ ಅದಕ್ಕಿಂತ ಮೇಲಲ್ಲ. ಬಸಪ್ಪ ಎಂಬ ನನ್ನ ಹೆಸರು ಈ ಗಲ್ಲಿಗೆ ಬಂದು ಬೊಶಪ್ಪ ಆಗಿ, ಸವೆದು ಬೊಶೊದಾ ಆಯಿತು. ಬೊಶೊ ಎಂದರೆ ಇಲ್ಲಿಯ ಭಾಷೆಯಲ್ಲಿ ಕೂತುಕೋ. ಯಾರಾದರೂ ನನ್ನನ್ನು ಕರೆದರೆ ಕುಳಿತುಕೊಳ್ಳಲು ಹೇಳಿದಂತಾಗುತ್ತದೆ, ನಾನೂ ಕುಳಿತುಬಿಡುತ್ತೇನೆ. ಹೀಗೆ ಕುಳಿತೂ ಕುಳಿತೂ ನಿವೃತ್ತಿಯ ನಂತರದ ನನ್ನ ಬದುಕೆಲ್ಲ ಖೋಕನ್‌ದಾ ಮನೆಯ ಮುಂದಿನ ಕಟ್ಟೆಯ ಮೇಲೆ ಕಳೆಯುತ್ತಿದೆ.

ಆ ಕಟ್ಟೆಗೆ ಇಲ್ಲಿ ರೊಕ್ ಎನ್ನುತ್ತಾರೆ. ಧಾರವಾಡದ ಕಡೆಯಿಂದ ಬಂದ ಹೊಸತರಲ್ಲಿ ನಾನು ಅದನ್ನು ರೊಕ್ಕ ಎಂದು ಕೇಳಿಸಿಕೊಂಡು, ಸಂಜೆಯಾದರೆ ಈ ಜನ ರೊಕ್ಕದ ಮೇಲೆ ಕೂಡುತ್ತಾರಲ್ಲ, ಎಂಥ ಸಿರಿವಂತರಪ್ಪ ಎಂದುಕೊಂಡಿದ್ದೆ. ಖೋಕನ್‌ದಾ ಭಾನುವಾರ ಬೆಳಿಗ್ಗೆ ಆ ಕಟ್ಟೆಯ ಮೇಲೆ ಗ್ರಾಮಫೋನ್ ತಂದಿಟ್ಟು ಇಂಗ್ಲಿಷ್ ರೆಕಾರ್ಡುಗಳನ್ನು ಹಾಕುತ್ತಿದ್ದರು. ಗಲ್ಲಿಯ ಗಂಡಸರೆಲ್ಲ ಸೇರುತ್ತಿದ್ದರು. ಇದೇನು ಸಂಗೀತ ಎಂದು ಕೇಳಿದರೆ, "ರೊಕ್" ಎಂದರು. ಬಂಗಾಳಿಗಳ ಬಾಯಲ್ಲಿ ರಾಕ್ ಕೂಡ ರೊಕ್ ಆಗುತ್ತದೆಂದು ನನಗೇನು ಗೊತ್ತು? ಕಟ್ಟೆಯ ಮೇಲೆ ಕೂತು ಕೇಳುವ ಸಂಗೀತಕ್ಕೆ ಕಟ್ಟೆ ಸಂಗೀತ ಎನ್ನುತ್ತಾರೆಂದು ತಿಳಿದು, ನಮ್ಮ ಕನ್ನಡ ಸಂಘದಲ್ಲಿ ಹತ್ತು ಜನರ ಮುಂದೆ ಹಾಗೆಯೇ ವಿವರಿಸಿಯೂ ಬಂದೆ. ಅಲ್ಲಿದ್ದ ಪ್ರಾಧ್ಯಾಪಕರೊಬ್ಬರು ಕೆಮ್ಮಿದರು. ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿ, ಹೌರಾದ ಪಾರ್ಸೆಲ್ ಕಚೇರಿಯಲ್ಲಿ ಗುಮಾಸ್ತನಾಗಿ ಸವೆದವನು. ಅವರ ಕೆಮ್ಮಿನ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ಖೋಕನ್‌ದಾಗೆ ಸಂಗೀತವೆಂದರೆ ಭಕ್ತಿ. ರೆಕಾರ್ಡನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಬೇಕು, ಮಧ್ಯೆ ಏಳಬಾರದು, ಮಗುಚಿ ಹಾಕುವಾಗ ಮಾತ್ರ ಚಹಾ. ಪ್ರತಿ ರೆಕಾರ್ಡಿಗೂ ಮುಂಚೆ ಎರಡೂ ಕೈ ಎತ್ತಿ ಹೇಳುವರು: "ಬೊಶೊದಾ, ಇದು ಬರುವ ಮುಂಚೆ ಒಂದು ಜಗತ್ತು ಇತ್ತು. ಬಂದ ಮೇಲೆ ಜಗತ್ತೇ ಬೇರೆ ಆಯಿತು!" ಮುಂದಿನ ವಾರ ಇನ್ನೊಂದು ರೆಕಾರ್ಡಿಗೂ ಅದೇ ಮಾತು. ಇಷ್ಟು ಸಲ ಜಗತ್ತು ಬದಲಾದರೂ ನಮ್ಮ ಗಲ್ಲಿಯ ಗಟಾರ ಮಾತ್ರ ಇದ್ದ ಹಾಗೇ ಇದೆ. ಯಾರಾದರೂ ದೊಡ್ಡ ಗಾಯಕರು ಅಲ್ಲೆಲ್ಲೋ ತೀರಿಕೊಂಡರೆ ಇಲ್ಲಿ ಕಟ್ಟೆಯ ಮೇಲೆ ಸ್ಮರಣಸಭೆ. ಅವರ ರೆಕಾರ್ಡಿನ ಹೊದಿಕೆಯನ್ನು ಗೋಡೆಗೆ ಒರಗಿಸಿ, ರಜನೀಗಂಧದ ಹಾರ ಹಾಕಿ, ಊದುಬತ್ತಿ ಹಚ್ಚಿ, ಕೊನೆಯಲ್ಲಿ ಸಂದೇಶ್ ಎಂಬ ಸಿಹಿ ಹಂಚುತ್ತಾರೆ. ಸಂದೇಶ್ ಒಳ್ಳೆಯ ಅಂಗಡಿಯದಾದ್ದರಿಂದ ನಾನು ಒಂದು ಸಭೆಯನ್ನೂ ತಪ್ಪಿಸಿದವನಲ್ಲ.

ಆ ಕಲಾವಿದರ ಹೆಸರು ಮಾತ್ರ ನನಗೆ ಎಂದೂ ಹತ್ತಲಿಲ್ಲ. ಹೊದಿಕೆಯ ಮೇಲಿನ ಚಿತ್ರ ನೋಡಿ ನಾನೇ ಹೆಸರಿಟ್ಟುಕೊಂಡೆ. ಕಣ್ಣು ಮುಚ್ಚಿ, ಮುಖ ಕಿವುಚಿ ಗಿಟಾರ್ ಬಾರಿಸುವವನು ಹಲ್ಲುನೋವಿನವನು. ಕಿಟಕಿಯಿಂದ ಕಾಲು ಇಳಿಬಿಟ್ಟ ನಾಲ್ವರು ಕಾಲಿನವರು. ಕಿವಿಯಲ್ಲಿ ಬಳೆಯಷ್ಟು ದೊಡ್ಡ ಓಲೆ ತೊಟ್ಟ ಕಪ್ಪು ಹೆಂಗಸು ಬೆಳ್ಳಿ ಓಲೆಯವಳು. "ಇವತ್ತು ಹಲ್ಲುನೋವಿನವನನ್ನು ಹಾಕಿ ಖೋಕನ್‌ದಾ" ಎಂದರೆ ಅವರಿಗೆ ಮೈ ಉರಿಯುತ್ತಿತ್ತು. "ಜಗತ್ತೆಲ್ಲ ಆ ಹೆಸರು ಹೇಳಿ ಕುಣಿಯುತ್ತೆ! ಹೆಸರು ಹೇಳಿ ದಾದಾ, ಹೆಸರು!" ಎನ್ನುವರು. ನಾನು, "ಹೆಸರಿನಲ್ಲೇನಿದೆ, ಹಾಡು ಹಾಕಿ" ಎನ್ನುವೆ.

ಬೆಳ್ಳಿ ಓಲೆಯವಳ ರೆಕಾರ್ಡು ಹಾಕಿದಾಗ ಮಾತ್ರ ನಮ್ಮ ಮನೆಯವರು ಸೊಪ್ಪಿನ ಬುಟ್ಟಿ ಹಿಡಿದು ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಮನೆಯವರು ಎಂದರೆ ನನ್ನ ಹೆಂಡತಿ. ಮೊದಲ ದಿನ ಸೊಪ್ಪು ಬಿಡಿಸುವ ಕೈ ಹಾಗೇ ನಿಂತುಬಿಟ್ಟಿತ್ತು.

"ಏನ್ರೀ, ಈಕಿ ಯಾರ್ರೀ? ನಮ್ಮ ಅಜ್ಜಿ ಬೀಸೂ ಮುಂದ ಹಾಡತಿದ್ಲಲ್ಲ, ಥೇಟ್ ಹಂಗ ಹಾಡ್ತಾಳ."

"ಅದು ಇಂಗ್ಲಿಷ್ ಅದ. ನಿನಗೇನ್ ತಿಳೀತದ?" ಎಂದೆ.

"ಬೀಸೂ ಹಾಡಿನಾಗ ತಿಳ್ಕೊಳ್ಳೂದು ಏನಿರ್ತದರೀ? ಬೀಸೂದು ಇರ್ತದ" ಎಂದಳು.

ಊರು ಬಿಟ್ಟು ಬಂದು ಈ ಭಾಷೆಯೂ ಸರಿಯಾಗಿ ಹತ್ತದೆ, ತರಕಾರಿಯವನ ಜೊತೆ ಹಿಂದಿಯಲ್ಲಿ ಗುದ್ದಾಡುತ್ತ ಕಾಲ ಕಳೆದವಳಿಗೆ ಭಾನುವಾರದ ಆ ಮುಕ್ಕಾಲು ಗಂಟೆ ತವರುಮನೆಗೆ ಹೋಗಿ ಬಂದಂತೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆನಲ್ಲ, ಅದಕ್ಕೇ ಬರೆಯಲು ಬೆರಳು ಸೆಟೆಯುತ್ತಿದ್ದುದು.

ಹೋದ ವರ್ಷ ಮಳೆ ಜೋರಾಗಿ ನಮ್ಮ ಗಲ್ಲಿಯಲ್ಲಿ ಮೊಣಕಾಲು ಮಟ್ಟ ನೀರು ನಿಂತಿತು. ಖೋಕನ್‌ದಾ ಲುಂಗಿ ಎತ್ತಿ ಕಟ್ಟಿ, ತಲೆಯ ಮೇಲೊಂದು ಥರ್ಮೋಕೋಲ್ ಪೆಟ್ಟಿಗೆ ಹೊತ್ತು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು: "ಬೊಶೊದಾ! ಒಂದು ಪೆಟ್ಟಿಗೆ ಶೋಲ್ ಇದೆ. ನಾಲ್ಕು ದಿನ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಒಳಗೆ ನೀರು ನುಗ್ಗಿದರೆ ಎಲ್ಲ ಹಾಳಾಗುತ್ತೆ!"

ಶೋಲ್ ಎನ್ನುವುದು ಇಲ್ಲಿಯ ಒಂದು ಮೀನು. ಹಾವಿನ ತಲೆಯಂಥ ತಲೆ, ಮೊಳದುದ್ದ. ಹೌರಾದ ಪಾರ್ಸೆಲ್ ಕಚೇರಿಯಲ್ಲಿ ಥರ್ಮೋಕೋಲ್ ಪೆಟ್ಟಿಗೆ ಎಂದರೆ ಮೀನು, ಮೀನು ಎಂದರೆ ಥರ್ಮೋಕೋಲ್ ಪೆಟ್ಟಿಗೆ. ನೌಕರಿಯುದ್ದಕ್ಕೂ ಮೂಗು ಮುಚ್ಚಿಕೊಂಡೇ ಅವಕ್ಕೆ ಚೀಟಿ ಅಂಟಿಸಿದವನು ನಾನು. ಮನೆಯಲ್ಲಿ ನಾವು ಲಿಂಗ ಕಟ್ಟಿಕೊಂಡವರು. ನೀರು ನುಗ್ಗಿದರೆ ಮೀನು ಹಾಳಾಗುವುದು ಹೇಗೆ ಎಂದು ಒಂದು ಗಳಿಗೆ ಯೋಚಿಸಿದ್ದರೂ ಸಾಕಿತ್ತು. ಯೋಚಿಸಲಿಲ್ಲ.

"ಕ್ಷಮಿಸಿ ಖೋಕನ್‌ದಾ, ಶೋಲ್ ನಮ್ಮ ಮನೆಯೊಳಗೆ ಬರುವ ಹಾಗಿಲ್ಲ" ಎಂದೆ.

ಅವರ ಮುಖ ಸಣ್ಣದಾಯಿತು. "ಯಾಕೆ ದಾದಾ? ದೇವರ ಕೋಣೆಯಲ್ಲಿ ಇಡುವಂಥ ವಸ್ತು ಇದು."

"ದೇವರ ಕೋಣೆಯಲ್ಲಿ! ಅದರ ವಾಸನೆ?"

"ವಾಸನೆಯೇ? ಐವತ್ತು ವರ್ಷ ಹಳೆಯ ಸರಕು. ಇನ್ನೆಲ್ಲಿಯ ವಾಸನೆ?"

ಐವತ್ತು ವರ್ಷದ ಮೀನು ಎಂದಾಗ ನನಗೂ ಏನೋ ತಪ್ಪಿದೆ ಎನಿಸಿತು. ಅಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳ ಸರಿಯಿತು. ಒಳಗಿನಿಂದ ಬೆಳ್ಳಿ ಓಲೆಯವಳು ನನ್ನನ್ನೇ ನೋಡುತ್ತಿದ್ದಳು. ರಾಕ್‌ನ ಪಕ್ಕದಲ್ಲಿ ಸೋಲ್ ಎಂಬ ಇನ್ನೊಂದು ಸಂಗೀತವಿದೆ, ಖೋಕನ್‌ದಾ ಬಾಯಲ್ಲಿ ಅದು ಶೋಲ್ ಆಗುತ್ತದೆ ಎಂಬುದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಅಲ್ಲಿಯವರೆಗೆ ಕಟ್ಟೆಯ ಮೇಲೆ ಕೇಳಿಸಿದ್ದೆಲ್ಲ ನನಗೆ ರೊಕ್ಕೇ. ಆಮೇಲೆ ಸಂಘದ ಪ್ರಾಧ್ಯಾಪಕರನ್ನು ಕೇಳಿದೆ. ಸೋಲ್ ಎಂದರೆ ಆತ್ಮವಂತೆ. ಆತ್ಮವನ್ನು ಮೀನೆಂದು ತಿಳಿದು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದವನು ಈ ಭೂಮಿಯಲ್ಲಿ ನಾನೊಬ್ಬನೇ ಇರಬೇಕು.

"ಮೀನು ಎಂದುಕೊಂಡೆ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಗಲ್ಲಿಯ ಅರ್ಧ ಜನ ನೀರಿನಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ನಿದ್ದೆ ಹೋದವನನ್ನು ಇಂದಿಗೂ ಟರ್ಮಿನಸ್ ಎಂದು ಕರೆಯುವ ಗಲ್ಲಿ ಇದು. ನನ್ನನ್ನು ಸಾಯುವವರೆಗೆ ಶೋಲ್‌ದಾ ಎನ್ನುತ್ತಾರೆಂದು ಹೆದರಿ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ ಸಮಯ ನೋಡಿಕೊಂಡು ಮೆಲ್ಲಗೆ ಹೇಳಿದೆ: "ನನ್ನದೇನಿಲ್ಲ ಖೋಕನ್‌ದಾ. ನಮ್ಮ ಮನೆಯವರಿಗೆ ಈ ಹಾಡು ಆಗುವುದಿಲ್ಲ. ತಲೆನೋವು ಬರುತ್ತದೆ. ರೆಕಾರ್ಡು ಕಣ್ಣಿಗೆ ಬಿದ್ದರೂ ಬರುತ್ತದೆ."

ಪಾಪ, ಅವರು ತಲೆಯ ಮೇಲಿನ ಪೆಟ್ಟಿಗೆ ಸಮೇತ ಬಾಗಿದರು. "ಬೌದಿಗೆ? ಮೊದಲೇ ಹೇಳಬಾರದೇ ದಾದಾ? ಇಷ್ಟು ವರ್ಷ ಹಿಂಸೆ ಕೊಟ್ಟೆನಲ್ಲ!" ಬೌದಿ ಎಂದರೆ ಅತ್ತಿಗೆ. ಪೆಟ್ಟಿಗೆ ಹಿಂದಕ್ಕೆ ಹೋಯಿತು. ಆ ರಾತ್ರಿ ನೀರು ಏರಿತು, ಪೆಟ್ಟಿಗೆ ಇಟ್ಟಿದ್ದ ಪ್ಲೈವುಡ್ ಬೀರುವಿನ ಕಾಲು ಕುಸಿಯಿತು, ಬೆಳ್ಳಿ ಓಲೆಯವಳು ಕೆಸರಿನಲ್ಲಿ ಸ್ನಾನ ಮಾಡಿದಳು.

ಬಿಸಿಲು ಬಂದ ದಿನ ಖೋಕನ್‌ದಾ ಹೊದಿಕೆಗಳನ್ನು ಕಟ್ಟೆಯ ಮೇಲೆ ಒಣಹಾಕಿದ್ದರು. ನಮ್ಮ ಮನೆಯವರು ಇಳಿದು ಹೋಗಿ, ಹಪ್ಪಳ ಒಣಗಿಸುವ ಕೈಯಲ್ಲವೇ, ಅಂಚು ಮುದುಡದಂತೆ ಒಂದೊಂದನ್ನೇ ಮಗುಚತೊಡಗಿದರು. ಖೋಕನ್‌ದಾ ಓಡಿ ಬಂದು ಕೈಮುಗಿದು ಅವಳ ಕೈಯಿಂದ ಹೊದಿಕೆ ಬಿಡಿಸಿಕೊಂಡರು. "ಬೌದಿ, ನಿಮಗೆ ಇದು ಬೇಡ, ಬೇಡ" ಎಂದರು. ಅವಳಿಗೆ ಅರ್ಥವಾಗಲಿಲ್ಲ. ನಾನು ಮೇಲಿನ ಕಿಟಕಿಯಲ್ಲಿ ನಿಂತು ಎಲ್ಲ ನೋಡಿದೆ, ಬೀಡಾ ಮಡಚಿದೆ, ಹಾಕಿಕೊಂಡೆ.

ಅಲ್ಲಿಂದ ಮುಂದೆ ಭಾನುವಾರ ಅವಳು ಸೊಪ್ಪಿನ ಬುಟ್ಟಿ ಹಿಡಿದು ಮೆಟ್ಟಿಲಿಗೆ ಬಂದರೆ ಸಾಕು, ಕೆಳಗೆ ಹಾಡು ಕಟ್. ಖೋಕನ್‌ದಾ ಅಷ್ಟು ಮರ್ಯಾದಸ್ಥರು.

"ಏನ್ರೀ, ನನ್ನ ಕಂಡ ಕೂಡ್ಲೇ ಹಾಡು ನಿಲ್ಲಸ್ತಾರಲ್ಲ ಅವರು, ನಾನೇನು ಪೊಲೀಸೇನ್ರೀ?"

"ಕರೆಂಟ್ ಹೋಗಿರಬೇಕು."

"ನಾ ಬಂದಾಗಷ್ಟ ಹೋಗ್ತದೇನ್ರೀ ಕರೆಂಟು?"

ಕೆಲವು ವಾರ ಬಂದು ಕೂತಳು. ಆಮೇಲೆ ಸೊಪ್ಪನ್ನು ಅಡುಗೆಮನೆಯಲ್ಲೇ ಬಿಡಿಸತೊಡಗಿದಳು. ಕೆಳಗಿನಿಂದ ಸಂಕ್ರಾಂತಿಗೆ ಬರುತ್ತಿದ್ದ ಖರ್ಜೂರದ ಬೆಲ್ಲದ ಸಿಹಿ ಕಡುಬು, ಪಿಠೆಯೂ ಈ ಸಲ ಸಂಕೋಚದಿಂದ ಬಾಗಿಲ ಹೊರಗೇ ಉಳಿಯಿತು. ಗಲ್ಲಿಯ ಹೆಂಗಸರು, ಆ ಬೌದಿಗೆ ಹಾಡು ಕಂಡರಾಗದು ಎಂದು ಆಡಿಕೊಂಡರು. ಹಾಡಿನ ಹೆಸರಲ್ಲಿ ಮಲಗಿ ಏಳುವ ಊರಿನಲ್ಲಿ ಇದಕ್ಕಿಂತ ಕೆಟ್ಟ ಹೆಸರಿಲ್ಲ.

ಹೋದ ತಿಂಗಳು ಬೆಳ್ಳಿ ಓಲೆಯವಳ ಪುಣ್ಯತಿಥಿ ಬಂತು. ಖೋಕನ್‌ದಾ ಮಹಡಿ ಹತ್ತಿ ಬಂದು, ನನ್ನನ್ನು ಬಿಟ್ಟು ನೇರವಾಗಿ ಅವಳ ಮುಂದೆ ನಿಂತು, ತಮಗೆ ಬಾರದ ಹಿಂದಿಯಲ್ಲಿ ಬೇಡಿಕೊಂಡರು: "ಬೌದಿ, ಇವತ್ತು ಒಂದೇ ಒಂದು ರೆಕಾರ್ಡ್. ತಲೆ ನೋಯುವುದಾದರೆ ಕಿಟಕಿ ಹಾಕಿಕೊಳ್ಳಿ. ಬಾಮ್ ತಂದಿದ್ದೇನೆ." ನಿಜವಾಗಿಯೂ ಬಾಮಿನ ಸೀಸೆ ಮುಂದಿಟ್ಟರು.

ಅವಳು ಸೀಸೆಯನ್ನು ನೋಡಿದಳು, ಅವರನ್ನು ನೋಡಿದಳು. "ಯಾರಿಗೆ ತಲೆನೋವು?" ಎಂದು ತನಗೆ ಬಾರದ ಹಿಂದಿಯಲ್ಲಿ ಕೇಳಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಪ್ರಾಧ್ಯಾಪಕರಂತೆ ಕೆಮ್ಮಿದೆ.

ಇನ್ನು ಅಡಗಲು ಜಾಗವಿರಲಿಲ್ಲ. ಕೆಳಗೆ ಹೋಗಿ, ಹಾರ ಹಾಕಿದ ಹೊದಿಕೆಯ ಮುಂದೆ, ಇಡೀ ಗಲ್ಲಿಯ ಎದುರು ಮೀನಿನ ಕಥೆ ಹೇಳಿದೆ. ಟರ್ಮಿನಸ್‌ನಿಂದ ಶುರುವಾದ ನಗು ಕಟ್ಟೆಯನ್ನೇ ಅಲ್ಲಾಡಿಸಿತು. ಖೋಕನ್‌ದಾ ನಕ್ಕು ನಕ್ಕು ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಂಡರು. ನಾನು ಅವರ ಕೈ ಹಿಡಿದು ತಪ್ಪಾಯಿತು ಎಂದೆ. "ಬಿಡಿ ದಾದಾ, ಹೊದಿಕೆ ಹೋಯಿತು, ಹಾಡು ಉಳಿದಿದೆ" ಎಂದು ತಬ್ಬಿಕೊಂಡರು. ಹೆದರಿದಂತೆಯೇ ಅಂದಿನಿಂದ ನಾನು ಶೋಲ್‌ದಾ. ಕೇಳಲು ಅಷ್ಟೇನೂ ಕೆಟ್ಟದಾಗಿಲ್ಲ.

ನಮ್ಮ ಮನೆಯವರಿಗೆ ಕಟ್ಟೆಯ ಮೇಲೆ, ಗ್ರಾಮಫೋನಿನ ಪಕ್ಕದಲ್ಲೇ ಕುರ್ಚಿ ಹಾಕಿದರು. ಕೆಸರು ಕುಡಿದ ರೆಕಾರ್ಡು ಒಂದು ಕಡೆ ಸಿಕ್ಕಿಕೊಂಡು ಅದೇ ಸಾಲನ್ನು ಮತ್ತೆ ಮತ್ತೆ ಹಾಡತೊಡಗಿತು. ಖೋಕನ್‌ದಾ ಮುಳ್ಳು ಎತ್ತಲು ಹೋದರೆ ಅವಳು ಕೈ ಅಡ್ಡ ಹಿಡಿದು, ಕನ್ನಡದಲ್ಲೇ, "ಇರ್ಲಿ ಬಿಡ್ರಿ. ಬೀಸೂಕಲ್ಲೂ ತಿರುಗಿ ತಿರುಗಿ ಅಲ್ಲೇ ಬರ್ತದ" ಎಂದಳು. ಅವರಿಗೆ ಏನು ತಿಳಿಯಿತೋ, ಮುಳ್ಳು ಎತ್ತಲಿಲ್ಲ. ಅವಳು ಕಣ್ಣು ಮುಚ್ಚಿ ಆ ಸಾಲಿನ ಜೊತೆ ತಾನೂ ಗುನುಗತೊಡಗಿದಳು. ಇಷ್ಟು ವರ್ಷದಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೇಲೆ ಬಂದ ಮೇಲೆ, "ನಿಮ್ಮ ಮೀನಿನ ಪೆಟ್ಟಿಗಿ ತಂದು ನನ್ನ ತಲಿ ಮ್ಯಾಲೆ ಇಟ್ಟಿದ್ರಲ್ರೀ" ಎಂದಷ್ಟೇ ಅಂದಳು. ಗಲ್ಲಿಯ ಎದುರು ಬಂಗಾಳಿಯಲ್ಲಿ ಅಷ್ಟು ಸಲೀಸಾಗಿ ಬಂದ ಮಾತು ಅಡುಗೆಮನೆಯಲ್ಲಿ ಕನ್ನಡದಲ್ಲಿ ಬರಲೊಲ್ಲದು. "ರೊಟ್ಟಿ ಆಗ್ಯಾವೇನು?" ಎಂದು ಕೇಳಿದೆ. ಆಗಿದ್ದವು. ತಿಂದೆ.

ಸಂಘದವರು ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಿರಿ ಎಂದರು, ಅದಕ್ಕೇ ಇದನ್ನು ಬರೆದೆ. ಅವಳು ಸಂಚಿಕೆಯನ್ನು ಜಾಹೀರಾತನ್ನೂ ಬಿಡದಂತೆ ಓದುತ್ತಾಳೆ. ನಮ್ಮ ಕಡೆ ಮದುವೆಯಲ್ಲಿ ಹೆಂಡತಿಯ ಹೆಸರು ಹೇಳಿಯೇ ಹೊಸ್ತಿಲು ದಾಟಬೇಕು. ಹೆಂಗಸರು ದಾರಿಗಟ್ಟಿ ನಿಲ್ಲುತ್ತಾರೆ. ಅಂದು ನಾನು ಕೆಮ್ಮು ಬಂದವನಂತೆ ಮಾಡಿ ಒಳಗೆ ನುಸುಳಿದವನು, ಇಂದಿನವರೆಗೂ "ಏ", "ಇಲ್ಲಿ ಕೇಳು", "ನಮ್ಮ ಮನೆಯವರು" ಎಂದೇ ದಾಟಿಸಿದ್ದೇನೆ. ಹಲ್ಲುನೋವಿನವನಿಗೂ ಓಲೆಯವಳಿಗೂ ಅವರ ಹೆಸರು ಕೊಡದವನು ಮನೆಯಲ್ಲಿ ಮಾತ್ರ ಬೇರೆಯೇನು ಮಾಡಿಯಾನು? ಹೆಸರು ಹೇಳಿ ದಾದಾ, ಹೆಸರು ಎಂದು ಖೋಕನ್‌ದಾ ಬಡಿದುಕೊಳ್ಳುತ್ತಿದ್ದುದು ಈಗ ತಲೆಗೆ ಹೋಗಿದೆ. ತಪ್ಪಾಯಿತು, ತಲೆನೋವು ನಿನ್ನದಲ್ಲ, ಬಾಮು ನಾನೇ ಹಚ್ಚಿಕೊಂಡಿದ್ದೇನೆ. ಅಚ್ಚು ಮಾಡುವವರಲ್ಲಿ ನನ್ನ ವಿನಂತಿ ಒಂದೇ: ಬೇರೆ ಎಲ್ಲಿ ತಪ್ಪಾದರೂ ಆಗಲಿ, ಈ ಒಂದು ಪದ ಮಾತ್ರ ಸರಿಯಾಗಿ ಬರಲಿ. ನೀಲವ್ವ.