ಸೊಟ್ಟ ಬೇಲಿ

ಭೂಗರ್ಭ ಇಲಾಖೆಯ ನೆವ್ಜಾತನಿಗೆ ಬೇಕಾಗಿದ್ದದ್ದು ಒಂದೇ ಒಂದು ಸೊಟ್ಟ ಬೇಲಿ. ಮೊದಲು ನೆಟ್ಟಗಿದ್ದು, ಭೂಕಂಪದಲ್ಲಿ ತುಂಡಾಗಿ ಪಕ್ಕಕ್ಕೆ ಸರಿದ ಬೇಲಿ. ನೆಲ ಎಷ್ಟು ಜಾರಿದೆ ಎಂದು ಅಳೆಯಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ. ವಾರಗಟ್ಟಲೆ ನೆಲದ ಬಿರುಕಿನ ಬೆನ್ನು ಹತ್ತಿ ನಡೆದು ಅವನ ಮೊಣಕಾಲು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಹೋದಲ್ಲೆಲ್ಲ ಜನ ಅವನಿಗಿಂತ ಮೊದಲೇ ನೆಲ ಉತ್ತು ಹಾಕಿದ್ದರು. ಈ ಕಡೆಯ ಅಳತೆ ಇವತ್ತು ಬಾರದಿದ್ದರೆ ಕೆಲಸ ಬಿಟ್ಟು ಮನೆಗೆ ಹೋಗು ಎಂದು ಅಂಕಾರಾ ಕಚೇರಿಯ ಸಾಹೇಬರು ಬೆಳಿಗ್ಗೆಯೇ ಫೋನಿನಲ್ಲಿ ಗುಡುಗಿದ್ದರು.

ಕರದೆರೆ ಹಳ್ಳಿಯ ಜರ್ದಾಳು ತೋಟದಲ್ಲಿ ಕೊನೆಗೂ ಅಂಥ ಬೇಲಿ ಸಿಕ್ಕಿತು. ಬಿರುಕಿನ ಆಚೆಯ ಅರ್ಧ, ಮುನಿಸಿಕೊಂಡ ಬೀಗರ ಹಾಗೆ, ಎರಡು ಮಾರು ದೂರ ಹೋಗಿ ನಿಂತಿತ್ತು.

ನೆವ್ಜಾತ್ ಟೇಪು ಬಿಚ್ಚಿದ್ದೇ ತಡ, ತೋಟದ ಒಡೆಯ ದುರ್ಮುಷ್ ಬಂದು ಅದರ ತುದಿಯನ್ನು ಬೂಟಿನಲ್ಲಿ ತುಳಿದು ನಿಂತ.

"ತಡೀರಿ ಮೇಷ್ಟ್ರೇ. ಮೊದ್ಲು ಈ ಹಿದಿರ್ ನನ್ನ ಜಾಗ ಎಷ್ಟು ನುಂಗಿದಾನೆ ಹೇಳಿ."

ಪಕ್ಕದ ತೋಟದ ಹಿದಿರ್ ಆಗಲೇ ಬೇಲಿ ಹತ್ತಿರ ಬಂದಿದ್ದ. "ರಾತ್ರೋರಾತ್ರಿ ಬೇಲಿ ಕಿತ್ತು ನೆಟ್ಟೋನು ಇವನು. ಭೂಕಂಪ ಅನ್ನೋದು ಬರೀ ನೆಪ."

ಜಾರಿದ್ದು ನೆಲ, ನೀವಲ್ಲ ಎಂದು ನೆವ್ಜಾತ್ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ತೀರ್ಮಾನವಾಗದೆ ಅಳೆಯಲು ಬಿಡುವುದಿಲ್ಲ ಎಂಬ ಒಂದು ಮಾತಿಗೆ ಮಾತ್ರ ಇಬ್ಬರೂ ಒಪ್ಪಿದರು. ಬೇರೆ ದಾರಿ ಕಾಣದೆ ಅವನು ಇಬ್ಬರನ್ನೂ ದುರ್ಮುಷನ ಡೇರೆಗೆ ಎಳೆದುಕೊಂಡು ಹೋದ. ಲೋಟದ ಮೇಲೆ ಲೋಟ ಟೀ ಇಳಿಯಿತು, ಜಗಳ ಇಳಿಯಲಿಲ್ಲ. ಕೊನೆಗೆ ನೆವ್ಜಾತ್ ಎರಡು ರೊಟ್ಟಿ ಒತ್ತಾಗಿ ಇಟ್ಟು, ಎರಡಕ್ಕೂ ಅಡ್ಡಲಾಗಿ ಜಾಮಿನ ಗೆರೆ ಎಳೆದು, ಒಂದು ರೊಟ್ಟಿಯನ್ನು ಪಕ್ಕಕ್ಕೆ ಜಾರಿಸಿದ. ಗೆರೆ ಮುರಿಯಿತು.

"ಇದೇ ನಿಮ್ಮ ಬೇಲಿ. ಜಾಮನ್ನ ಯಾರಾದ್ರೂ ಮುಟ್ಟಿದ್ರಾ?"

ಹಿದಿರ್ ರೊಟ್ಟಿಯ ಮೇಲೆ ಬಗ್ಗಿದ. "ಹಂಗಾದ್ರೆ ಇವನು ಕಳ್ಳ ಅಲ್ಲ."

"ನೀನೂ ಅಲ್ಲ ಬಿಡು," ಎಂದ ದುರ್ಮುಷ್.

ಇಬ್ಬರೂ ತಬ್ಬಿಕೊಂಡರು, ಕೆನ್ನೆಗೆ ಮುತ್ತಿಟ್ಟರು, ಕಣ್ಣೊರೆಸಿಕೊಂಡು ಹೊರಗೆ ಹೋದರು. ನೆವ್ಜಾತ್ ಎದ್ದ. ದುರ್ಮುಷನ ತಾಯಿ ಜೆನ್ನೆತ್ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಇವರನ್ನ ಒಂದು ಮಾಡಿದೋನು ನನ್ನ ಡೇರೆಯಿಂದ ಹಸ್ಕೊಂಡು ಹೋಗೋದಾ? ಕೂತ್ಕೋ ಮಗಾ."

ಬಟ್ಟಲು ಖಾಲಿಯಾದಂತೆ ಸಾರು ಮತ್ತೆ ತುಂಬುತ್ತಿತ್ತು. ಹೊರಗೆ ಟ್ರ್ಯಾಕ್ಟರಿನ ಸದ್ದು ಕೇಳಿತು. ತಿರುಗಿ ನೋಡುವಷ್ಟು ತ್ರಾಣವೂ ಅವನಲ್ಲಿ ಇರಲಿಲ್ಲ.

ಹೊಟ್ಟೆ ಹಿಡಿದುಕೊಂಡು ಹೊರಬಂದರೆ, ಬೇಲಿ ದಾರ ಹಿಡಿದು ನೆಟ್ಟಷ್ಟು ನೆಟ್ಟಗಿತ್ತು. ಬಿರುಕು ಮುಚ್ಚಿ, ನೆಲ ಸಮವಾಗಿತ್ತು. ಇಬ್ಬರೂ ಬೆವರು ಸುರಿಸುತ್ತ, ಹೋಂವರ್ಕ್ ಮುಗಿಸಿದ ಹುಡುಗರ ಹಾಗೆ ಸನಿಕೆ ಹಿಡಿದು ನಿಂತಿದ್ದರು.

"ಈಗ ಅಳೀರಿ ಮೇಷ್ಟ್ರೇ," ಎಂದ ದುರ್ಮುಷ್. "ಒಂದು ಗೇಣೂ ಆಚೀಚೆ ಇಲ್ಲ."

ನೆವ್ಜಾತ್ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತ. ಕೂತಲ್ಲಿಂದಲೇ, ಹತ್ತಿರದಲ್ಲಿ ಇನ್ನೊಂದು ಸೊಟ್ಟ ಬೇಲಿ ಇದೆಯೇ ಎಂದು ಕೇಳಿದ.

"ಮೇಲಿನ ಹಳ್ಳಿಲಿ ಒಂದಿದೆ," ಎಂದ ಹಿದಿರ್. "ಅವರೂ ಹಿಂಗೇ ಕಚ್ಚಾಡ್ತಿದ್ರು. ನೀವು ಮತ್ತೆ ಗಂಟಲು ಹರ್ಕೋಬೇಡಿ ಮೇಷ್ಟ್ರೇ. ಫೋನ್ ಮಾಡಿ ಆ ರೊಟ್ಟಿ ವಿಷ್ಯ ನಾನೇ ಹೇಳಿದೀನಿ. ನೀವು ಹೋಗೋಷ್ಟರಲ್ಲಿ ನೆಟ್ಟಗೆ ಮಾಡಿರ್ತಾರೆ."