ಎರಡು ಕೈ ಕತ್ತಿಯನ್ನು ಕುರ್ಚಿಯಲ್ಲಿ ಕುಳಿತು ಆರಿಸದಿರುವ ಬಗ್ಗೆ

ನೌಕರರ ಮನರಂಜನಾ ಸಂಘ, ರಾಯಚೂರು
(ದೇವದುರ್ಗ ಮತ್ತು ಮಾನ್ವಿ ಶಾಖೆಗಳನ್ನೊಳಗೊಂಡು)

ಸಂಖ್ಯೆ: ಮಸಂ/ಕತ್ತಿ/2/84-85
ದಿನಾಂಕ: 8-10-1984

ಸುತ್ತೋಲೆ

ವಿಷಯ: ರಾಜ್ಯೋತ್ಸವದ ಐತಿಹಾಸಿಕ ಕತ್ತಿವರಸೆಗೆ ಎರಡು ಕೈಗಳಿಂದ ಹಿಡಿಯುವ ದೊಡ್ಡ ಮಾದರಿ ಕತ್ತಿಯ ಆಯ್ಕೆ ಕುರಿತು.

ಉಲ್ಲೇಖ: 1. ಕಳೆದ ರಾಜ್ಯೋತ್ಸವದಲ್ಲಿ ನಡೆದದ್ದು.
2. ಅದನ್ನು ಕಣ್ಣಾರೆ ಕಂಡ ಸಮಸ್ತ ಸಿಬ್ಬಂದಿ ಹಾಗೂ ಅವರ ಕುಟುಂಬವರ್ಗ.

ಸಂಘದ ಅಧ್ಯಕ್ಷರೂ ಕಚೇರಿ ಅಧೀಕ್ಷಕರೂ ಆದ ಶ್ರೀ ವಿರೂಪಣ್ಣನವರು (ಇನ್ನು ಮುಂದೆ ‘ಸಹಿದಾರರು’) ಕಳೆದ ವರ್ಷದ ಕತ್ತಿಯನ್ನು ತಮ್ಮ ಕುರ್ಚಿಯಲ್ಲಿ ಕುಳಿತು, ಎರಡೂ ಮೊಣಕೈಗಳನ್ನು ಮೇಜಿನ ಮೇಲೆ ಊರಿ, ಹಗುರವಾಗಿದೆಯೆಂದು ಪ್ರಮಾಣೀಕರಿಸಿದ್ದರು. ಅದನ್ನು ಮಾಡಿದ ಮಾನ್ವಿಯ ಕಮ್ಮಾರ ಬೂದೆಪ್ಪನವರು “ಸಾಹೇಬ್ರ, ಒಮ್ಮೆ ಎದ್ದು ನಿಂತು ಎತ್ತಿ ನೋಡ್ರಲ್ಲ” ಎಂದು ಕೋರಿದ್ದನ್ನು, ಲಿಖಿತ ಅರ್ಜಿ ಇಲ್ಲದ ಕಾರಣ, ಪರಿಗಣಿಸಿರಲಿಲ್ಲ. ವೇದಿಕೆಯ ಮೇಲೆ ಮೇಜು ಇರಲಿಲ್ಲ. ಸಹಿದಾರರ ಕೈಯಲ್ಲಿ ಕತ್ತಿಯು ಸೊಂಟದ ಮೇಲೆ ಏರಲಿಲ್ಲ. ಎದುರಾಳಿಯಾಗಿದ್ದ ಜೀಪ್ ಚಾಲಕ ಗುಲಾಮ್ ದಸ್ತಗೀರ್ ಅವರು ಗುರಾಣಿ ಹಿಡಿದು ಹೊಡೆತಕ್ಕಾಗಿ ಕಾದು ಕಾದು, ಕೊನೆಗೆ ತಾವೇ ಬಂದು ಕತ್ತಿಗೆ ಕೈ ಹಚ್ಚಿದರು. ಸಹಿದಾರರ ಧರ್ಮಪತ್ನಿಯವರು ಮುಂದಿನ ಸಾಲಿನಿಂದ “ಸಾಕ್ ಬಿಡ್ರಿ, ನಡಾ ಹಿಡದೀತು!” ಎಂದದ್ದು ಧ್ವನಿವರ್ಧಕವಿಲ್ಲದೆಯೇ ಎಲ್ಲರಿಗೂ ಕೇಳಿಸಿತ್ತು.

ಸಹಿದಾರರು ಬರುವ ಜನವರಿಯಲ್ಲಿ ನಿವೃತ್ತರಾಗಲಿದ್ದು, ಹೋದ ಮಾನವನ್ನು ಮರಳಿ ಪಡೆಯಲು ಇದೊಂದೇ ರಾಜ್ಯೋತ್ಸವ ಬಾಕಿ ಇರುತ್ತದೆ. ಆದ್ದರಿಂದ ಈ ಕೆಳಗಿನಂತೆ ಕಟ್ಟುನಿಟ್ಟಾಗಿ ಆದೇಶಿಸಿದೆ:

1. ಕತ್ತಿಯನ್ನು ನಿಂತುಕೊಂಡೇ ಆರಿಸತಕ್ಕದ್ದು. ಕುರ್ಚಿಯಿಂದ ಏಳುವ ಪದ್ಧತಿ ಇಲ್ಲದ ಅಧಿಕಾರಿಗಳು ಒಂದು ವಾರ ಮುಂಚಿತವಾಗಿ ಏಳುವುದನ್ನು ರೂಢಿಸಿಕೊಳ್ಳುವುದು.

2. ಉದ್ದವು ನೆಲದಿಂದ ಎದೆಯವರೆಗೆ ಮಾತ್ರ. ಸಹಿದಾರರು ಪೇಟದ ತುದಿಯವರೆಗೆ ಅಳೆಸಿಕೊಂಡಿದ್ದ ಹಳೆಯ ಕತ್ತಿಯು ಮಾನ್ವಿ ಬಸ್ಸಿನೊಳಗೆ ಹಿಡಿಸದೆ, ಟಾಪಿನ ಮೇಲೆ ಶೇಂಗಾ ಚೀಲಗಳೊಂದಿಗೆ ಪ್ರಯಾಣಿಸಿತ್ತು.

3. ಅಲಗು ಮೊಂಡಾಗಿರತಕ್ಕದ್ದು. ಇದನ್ನು ಕ್ಯಾಂಟೀನಿನ ಬದನೆಕಾಯಿಯ ಮೇಲೆ ಪರೀಕ್ಷಿಸುವುದು. ಬದನೆಕಾಯಿ ಹೋಳಾದಲ್ಲಿ ಕತ್ತಿಯು ತಿರಸ್ಕೃತ, ಬದನೆಕಾಯಿಯು ಪಲ್ಯಕ್ಕೆ ಸ್ವೀಕೃತ.

4. ದೇವದುರ್ಗ ಶಾಖೆಯವರು ನೂರರವರೆಗೆ ಎಣಿಸಿ ಮುಗಿಸುವ ತನಕ, ಕತ್ತಿವರಸೆ ಆಡುವವರು ಕತ್ತಿಯನ್ನು ತಲೆಯ ಮೇಲೆತ್ತಿ ಹಿಡಿಯತಕ್ಕದ್ದು. ಎಣಿಸುವವರು ನಡುವೆ ಚಹಾಕ್ಕೆ ಹೋಗುವಂತಿಲ್ಲ.

5. ಈ ನಿಯಮಗಳ ಕರಡಿನಂತೆ ಹೊಸ ಕತ್ತಿಯ ಪರೀಕ್ಷೆಯನ್ನು ದಿ. 6ರಂದು ನಡೆಸಲಾಯಿತು. ಎಣಿಕೆ ಹನ್ನೊಂದಕ್ಕೆ ಬರುವಷ್ಟರಲ್ಲಿ ಸಹಿದಾರರು ಕೈಚೆಲ್ಲಿದರು. ಕಚೇರಿಗೆ ನೀರು ತುಂಬುವ ಗೋಪಮ್ಮನವರು ಅದನ್ನು ತೆಗೆದಿಡಲು ಬಂದು, ತಲೆಯ ಮೇಲೆತ್ತಿ ಹಿಡಿದು, “ಎಲ್ಲಿ ಇಡ್ಲಿರೀ ಇದನ್ನ?” ಎಂದು ಕೇಳಿದರು. ಸಿಬ್ಬಂದಿ ಜಾಗ ಹುಡುಕುವಷ್ಟರಲ್ಲಿ, ಮತ್ತೆ ಒಂದರಿಂದ ಆರಂಭವಾದ ಎಣಿಕೆಯು ನೂರು ದಾಟಿತು.

6. ಆದಕಾರಣ ಕತ್ತಿಯನ್ನು ಗೋಪಮ್ಮನವರಿಗೆ ವಹಿಸಿ, ಸಹಿದಾರರನ್ನು ಅವರ ಎದುರಾಳಿಯಾಗಿ ನಿಯೋಜಿಸಿದೆ. ಸಹಿದಾರರು ಮೊದಲನೇ ಹೊಡೆತಕ್ಕೇ ಬೀಳತಕ್ಕದ್ದು. ಚಪ್ಪಾಳೆ ಬಂದಲ್ಲಿ, ಬಿದ್ದಲ್ಲಿಂದಲೇ ಕೈ ಎತ್ತಿ ಸ್ವೀಕರಿಸಲು ಅನುಮತಿಸಿದೆ.

ಸಹಿ/-
(ವಿರೂಪಣ್ಣ)
ಅಧ್ಯಕ್ಷರು (ನಿಂತುಕೊಂಡು ಸಹಿ ಮಾಡಿದೆ)

ಪ್ರತಿಗಳು:
1. ಶ್ರೀ ಬೂದೆಪ್ಪ, ಕಮ್ಮಾರರು, ಮಾನ್ವಿ – ಕಳೆದ ವರ್ಷದ ತಮ್ಮ ಕೋರಿಕೆಯನ್ನು ಈಗ ಪುರಸ್ಕರಿಸಿದೆ.
2. ಶ್ರೀ ಗುಲಾಮ್ ದಸ್ತಗೀರ್ – ಗುರಾಣಿಯನ್ನು ಸಹಿದಾರರಿಗೆ ಹಸ್ತಾಂತರಿಸಲು.
3. ಶ್ರೀಮತಿ ಗೋಪಮ್ಮ – ಮೆಲ್ಲಗೆ ಹೊಡೆಯಬೇಕೆಂಬ ವಿನಂತಿಯೊಂದಿಗೆ.
4. ಶ್ರೀಮತಿ ಬಸವಂತಮ್ಮ, ಸಹಿದಾರರ ಧರ್ಮಪತ್ನಿ – ಮುಂದಿನ ಸಾಲಿನ ಕುರ್ಚಿಯನ್ನು ಕಾಯ್ದಿರಿಸಿದೆ. ಈ ಸಲ ನಡಾ ಹಿಡಿಯುವುದಿಲ್ಲ.