ಗುಡ್ಡ ಹತ್ತಾಕ ಬಿಡದ ಮಂದಿ

ನಮ್ಮ ಕಡೆ ಯಾರೂ ಸುಮ್ಮನೆ ಗುಡ್ಡ ಹತ್ತುವ ಹಾಗಿಲ್ಲ. ಹತ್ತಿದರೆ ಏನಾದರೂ ಒಂದು ಆಗೇ ಆಗುತ್ತದೆ. ಕೇಳಿದವರು ನಗುತ್ತಾರೆ. ನಗಲಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಬನಹಟ್ಟಿಯ ನೇಕಾರ. ಮನೆಯಲ್ಲೇ ಪವರ್‌ಲೂಮ್. ಸಾಲಿ ಕಲಿತದ್ದು ಕಡಿಮೆ. ಶುಗರ್ ಬಂತು. ದಿನಾ ನಡೀರಿ ಅಂದರು ಡಾಕ್ಟರು. ನಾನು ಓಣಿಯ ಕಟ್ಟೆ ತನಕ ನಡೆದು ಅಲ್ಲೇ ಕೂಡುತ್ತಿದ್ದೆ. ಹೆಂಡತಿ ನೋಡೇ ನೋಡಿದಳು.

"ಹಿಂಗ ನಡದರ ಶುಗರ್ ಕರಗಂಗಿಲ್ಲ, ಕಟ್ಟಿ ಸವೀತೈತಿ. ಗುಡ್ಡ ಹತ್ತೂಣು ನಡೀರಿ. ರಬಕವಿ, ಜಮಖಂಡಿ, ಮುಧೋಳ, ಬೀಳಗಿ. ಊರಿಗೊಂದ ಗುಡ್ಡ."

ರಬಕವಿ ಗುಡ್ಡ ಇಬ್ಬರೂ ಕೂಡಿ ಹತ್ತಿದೆವು. ಜಮಖಂಡಿಗೆ ಹೋಗುವ ಮೊದಲೇ ಅವಳಿಗೆ ಎದೆನೋವು ಬಂತು. ದವಾಖಾನೆ ಮುಟ್ಟಲಿಲ್ಲ. ಮೂರು ಗುಡ್ಡ ಉಳಿದವು. ಅವಳು ಹೇಳಿದ್ದನ್ನು ನಾನು ಮುಗಿಸಬೇಕು. ನನ್ನ ಕಾಲಿನಿಂದಲೇ. ಅಷ್ಟೇ ಮಾತು.

ಹತ್ರಿ ಕಾಕಾ

ಜಮಖಂಡಿ ಗುಡ್ಡಕ್ಕೆ ಡಾಂಬರು ರಸ್ತೆ ಇದೆ. ಅದೇ ತಪ್ಪಾಯಿತು. ಅರ್ಧ ಹತ್ತಿದ್ದೆ. ಹಿಂದಿನಿಂದ ಒಬ್ಬ ಬೈಕಿನವನು ಬಂದು ನಿಂತ.

"ಯಾಕ್ರಿ ಕಾಕಾ, ಬಿಸಲಾಗ ನಡಕೋಂತ ಹೊಂಟೀರಿ? ಹತ್ರಿ."

"ನಾ ನಡೀಬೇಕಪಾ."

"ನಾಚಬ್ಯಾಡ್ರಿ. ನಿಮ್ಮ ಮಗ ಅಂತ ತಿಳೀರಿ."

ರಟ್ಟೆ ಹಿಡಿದು ಕೂರಿಸಿಯೇ ಬಿಟ್ಟ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಗುಡ್ಡದ ಮೇಲೆ ಇದ್ದೆ. ಮೈ ಉರಿಯಿತು. ಇದು ಹತ್ತಿದ ಲೆಕ್ಕವೇ? ಹೊಳ್ಳಿ ಕೆಳಗೆ ಇಳಿದೆ. ಬುಡದಿಂದ ಮತ್ತೆ ಶುರು ಮಾಡಿದೆ. ಅರ್ಧ ದಾರಿಗೆ ಅದೇ ಬೈಕು ಎದುರಿಗೆ ಬಂತು.

"ಅಯ್ಯ ಕಾಕಾ! ಈಗರ ಮ್ಯಾಲ ಬಿಟ್ಟಿದ್ನೆಲ್ರಿ! ಹತ್ರಿ, ಮತ್ತ ಬಿಡ್ತೇನಿ." ಗಾಡಿ ತಿರುಗಿಸಿದ.

ಬಾಯಿಗೆ ಬಂದದ್ದು ಬೈದೆ. ಅವನಿಗೆ ಬೇಜಾರಿಲ್ಲ. ನನಗೆ ತಲೆ ಸರಿ ಇಲ್ಲ ಅಂತ ತಿಳಿದ. ಒಬ್ಬನನ್ನೇ ಬಿಡಬಾರದು ಅಂತ ಗಾಡಿ ಬಂದ್ ಮಾಡಿ, ನೂಕುತ್ತಾ ನನ್ನ ಜೊತೆ ತುದಿ ತನಕ ನಡೆದು ಬಂದ. ಮೇಲೆ ಮುಟ್ಟಿದಾಗ ನಾನು ಗಟ್ಟಿ ಇದ್ದೆ. ಅವನು ನೆಲಕ್ಕೆ ಕುಂತು ತೇಕುತ್ತಿದ್ದ.

"ಕಾಕಾ," ಅಂದ, "ನಿಮಗ ಗಾಡಿ ಹೊಡ್ಯಾಕ ಬರ್ತೈತೇನ್ರಿ? ನನ್ನ ಕೆಳಗ ಬಿಡ್ರಿ."

ದೇವರ ಎದುರಿಗೆ

ಮುಧೋಳದ ಕಡೆಯ ಗುಡ್ಡದ ಮೇಲೆ ಸಣ್ಣ ಗುಡಿ. ಆ ದಿನ ಒಂದು ಮನೆತನದವರು ಅಲ್ಲಿ ಹೋಳಿಗೆ ಅಡಿಗೆ ಮಾಡಿದ್ದರು. ನನ್ನನ್ನೂ ಹಿಡಿದು ಕೂಡಿಸಿದರು. ಶುಗರ್ ಐತ್ರಿ ಅಂದೆ. ಬಡಿಸುವ ಹೆಣ್ಣುಮಗಳು, "ಪ್ರಸಾದಕ್ಕ ಶುಗರ್ ಇರಂಗಿಲ್ಲ ತಗೋರಿ," ಅಂತ ಎರಡು ಹಾಕಿ ತುಪ್ಪ ಸುರಿದಳು. ಹತ್ತಿದ್ದೆಲ್ಲಾ ನೀರಲ್ಲಿ ಹೋಮ ಆಯಿತು.

ಪೂಜಾರಿ ಬಗಲಿಗೆ ಕುಂತ.

"ಏನ ಹರಕಿರಿ?"

"ಹರಕಿ ಇಲ್ಲ. ಹೆಂಡತಿ ಹೇಳಿದ್ಲು, ಹತ್ತಾಕತ್ತೇನಿ."

"ಅವರು ಬಂದಿಲ್ಲೇನ್ರಿ?"

"ತೀರಿಕೊಂಡಾಳ."

ಪೂಜಾರಿ ತಲೆ ಆಡಿಸಿದ. "ತಿಳೀತು ಬಿಡ್ರಿ. ಬಾಯಿ ಬಿಟ್ಟ ಹೇಳಾಕ ನಾಚಿಕಿ. ನಮ್ಮ ಸಂಬಂಧದಾಗ ಒಬ್ಬಾಕಿ ಅದಾಳ. ಗಂಡ ಇಲ್ಲ, ಮಕ್ಕಳಿಲ್ಲ, ಕೈ ಶುದ್ಧ."

ನನ್ನ ಕಣ್ಣು ಕೆಂಪಾದವು. ಅವಳ ಸೀರೆಗಳು ಇನ್ನೂ ಹಗ್ಗದ ಮೇಲೆ ಇವೆ, ತೆಗೆದಿಲ್ಲ. ದೇವರ ಎದುರಿಗೆ ಬೈಯಬಾರದು ಅಂತ ಹಲ್ಲು ಕಚ್ಚಿ ಹೇಳಿದೆ, "ನಾ ಶುಗರಿನ ಮನಶ್ಯಾ ಅದೇನ್ರಿ. ಬಿಡ್ರಿ."

ಅವನ ಮುಖ ಅರಳಿತು. "ಆಕಿಗೂ ಐತ್ರಿ! ಗುಳಿಗಿ ಕೂಡೇ ತರಬಹುದು!"

ಕಡೆಯ ಗುಡ್ಡ

ಬೀಳಗಿ ಗುಡ್ಡಕ್ಕೆ ಯಾರಿಗೂ ಹೇಳದೆ ಹೋದೆ. ಗುಡಿ ಇಲ್ಲದ, ರಸ್ತೆ ಇಲ್ಲದ ಗುಡ್ಡ ನೋಡಿ ಹಿಡಿದೆ. ಕೆಳಗೆ ಆಡು ಮೇಯಿಸುವ ಒಬ್ಬ ಮುದುಕಿ ಇದ್ದಳು, ಅಷ್ಟೇ. ಮೊಣಕಾಲು ಕೈಯಲ್ಲಿ ಹಿಡಿದುಕೊಂಡು ಹತ್ತಿದೆ. ಮೇಲೆ ಗಾಳಿ ಮಾತ್ರ. ಒಂದು ಬಂಡೆಯ ಮೇಲೆ ಕುಂತೆ. ಮುಗಿಯಿತು.

ಹೆಂಡತಿಗೆ ಒಂದು ಮಾತು ಹೇಳಬೇಕು ಅನಿಸಿತು. ಮೆಲ್ಲಗೆ.

ನೇಕಾರರ ಮೆಲ್ಲಗೆ ಅಂದರೆ ಬೇರೆ. ಲೂಮಿನ ಗದ್ದಲದಲ್ಲಿ ಬಾಳೇವು ಮಾಡಿದವರು ನಾವು. ಉಪ್ಪು ಕೊಡು ಅಂದರೂ ಓಣಿಗೆ ಕೇಳುತ್ತದೆ. ನಮ್ಮ ದನಿ ನಮಗೆ ಗೊತ್ತಾಗುವುದಿಲ್ಲ.

"ನಾಕೂ ಹತ್ತಿದ್ನಿ ನೋಡು," ಅಂದೆ. "ಹೇಳಾಕಿ ನೀನು, ಬಿಟ್ಟ ಹೋಗಾಕೀನೂ ನೀನ! ಏನ್ ಅವಸರ ಇತ್ತಬೇ ನಿನಗ? ಕಾಲ ನೋಯ್ತಾವು ಅಂತ ಯಾರ ಮುಂದ ಹೇಳ್ಲಿ? ಉಂಡ್ಯೋ ಬಿಟ್ಟ್ಯೋ ಅಂತ ನನ್ನ ಯಾರ ಕೇಳ್ತಾರ ಈಗ?"

ಕೆಳಗಿನಿಂದ ದನಿ ಬಂತು.

"ಉಂಡಿಲ್ಲಂದ್ರ ಇಳದ ಬಾರೋ ಯಪ್ಪಾ! ರೊಟ್ಟಿ ಅದಾವು!"

ನಾಚಿಕೆಯಿಂದ ಇಳಿದೆ. ಮುದುಕಿ ಅರಿವೆ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಒಂದು ತುತ್ತು ನುಂಗಿದ ಮೇಲೆ ಕೇಳಿದಳು.

"ಯಾರಿಗೆ ಬೈಯಾಕತ್ತಿದ್ದಿ? ಹೆಂಡತಿಗೇನು?"

"ಹೂಂ ಆಯಿ."

"ಎಲ್ಲಿ ಅದಾಳ?"

"ತೀರಿಕೊಂಡಾಳ."

ಮುದುಕಿ ಗುಡ್ಡದ ತುದಿ ನೋಡಿದಳು. ನನ್ನನ್ನು ನೋಡಿದಳು. ಅವಳಿಗೆ ಖರೆ ಸಿಟ್ಟು ಬಂತು.

"ಹುಚ್ಚಪ್ಯಾಲಿ! ಅಷ್ಟ ಜೋರ ಬೈತಾರೇನು? ಕೇಳಿಸ್ಕೊಂಡು ಆಕಿ ಜಗಳಕ್ಕ ಎದ್ದ ಬಂದ್ಲಂದ್ರ ಏನ್ ಮಾಡ್ತಿ?"

ನಾನು ರೊಟ್ಟಿ ಕೆಳಗಿಟ್ಟೆ. ಎದ್ದು ನಿಂತೆ. ಗುಡ್ಡದ ಕಡೆ ತಿರುಗಿ, ಮೊದಲಿಗಿಂತ ಜೋರಾಗಿ ಇನ್ನೊಮ್ಮೆ ಬೈದೆ.